ತಡವಾಗಿ ಹಾಸಿದ ಚಾಪೆ

ಒಣಶುಂಠಿಯ ಜೊತೆ ಕಾಫಿಬೀಜ ಹುರಿಯುವ ವಾಸನೆ ಕಾರಿನ ಏಸಿಯ ಕಿಂಡಿಗಳಿಂದ ಒಳಗೆ ಬಂತು. ಶಾಲೆಯ ಆಫೀಸಿನ ಕೆಲಸ ಮುಗಿಸಿ ಬಂದು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ವಿಲ್ಲಾದ ಗೋಡೆ ಬದಿಗೆ ಆಗಷ್ಟೇ ಕಾರು ನಿಲ್ಲಿಸಿದ್ದೆ. ವಿಲ್ಲಾ ಎಂದರೆ ಪೂರ್ತಿ ವಿಲ್ಲಾ ಅಲ್ಲ, ಕೆಳಗಿನ ಹಿಂಭಾಗ ಮಾತ್ರ ನಮ್ಮದು, ಜೊತೆಗೆ ಸಿಮೆಂಟು ಹಾಕಿದ ಒಂದಿಷ್ಟು ಅಂಗಳ. ವಾಸನೆ ಎದುರು ಸಾಲಿನ ಯಾವುದೋ ಮನೆಯಿಂದ ಬರುತ್ತಿತ್ತು. ಬೀಜವನ್ನು ಕಪ್ಪಾಗುವವರೆಗೆ ಹುರಿದು, ಹೊಗೆ ಏಳುತ್ತಿರುವಾಗಲೇ ಬಾಣಲೆಯನ್ನು ಕೂತವರ ಮೂಗಿನ ಮುಂದೆ ಒಂದು ಸುತ್ತು ತಂದು, ಆಮೇಲೆ ಶುಂಠಿ ಹಾಕಿ ಕುಟ್ಟುವವರು ಸುಡಾನಿನವರು. ನಾನು ಇಂಜಿನ್ ಆರಿಸಲಿಲ್ಲ. ಮಗಳು ಹನಾ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು, ಮತ್ತೆ ಬಂದು ನೋಡಿದಳು. ಆ ದಿನಗಳಲ್ಲಿ ಖಾಲ್ತಿ ಆಮ್ನಾ ಬದುಕಿದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸತ್ತಿದ್ದಾರೆ ಎಂದು ಒಬ್ಬರು ಹೇಳಿದ್ದರು, ಇಲ್ಲ ಎಂದು ಇನ್ನೊಬ್ಬರು ಹೇಳಿದ್ದರು. ಎರಡನ್ನೂ ನಂಬಿಕೊಂಡು ನಾನು ಅಡುಗೆ ಮಾಡುತ್ತಿದ್ದೆ, ಆಫೀಸಿಗೆ ಹೋಗುತ್ತಿದ್ದೆ, ಬಟ್ಟೆ ಮಡಚುತ್ತಿದ್ದೆ. ಅಳು ಬರುತ್ತಿರಲಿಲ್ಲ. ಅಳುವುದಕ್ಕೆ ಯಾರಾದರೂ ಅಪ್ಪಣೆ ಕೊಡಬೇಕೇನೋ ಎಂಬಂತೆ ಕಾಯುತ್ತಿದ್ದೆ.

ಖಾಲ್ತಿ ಎಂದರೆ ಅವರ ಭಾಷೆಯಲ್ಲಿ ಚಿಕ್ಕಮ್ಮ. ಆದರೆ ಆಮ್ನಾ ನನಗೆ ಚಿಕ್ಕಮ್ಮ ಅಲ್ಲ, ಹಾಲು ಕೊಟ್ಟ ತಾಯಿ. ನಾನು ಹುಟ್ಟಿದಾಗ ನಾವು ಅಬುಧಾಬಿಯ ಖಾಲಿದಿಯಾದಲ್ಲಿದ್ದೆವು. ಈಗ ಅಲ್ಲಿ ಅಂಥ ಮನೆಗಳಿಲ್ಲ. ಹಳೆಯ ಒಂದು ತಗ್ಗು ಮನೆ, ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದರು. ಮುಂದಿನ ಭಾಗದಲ್ಲಿ ಒಮ್ದುರ್ಮಾನ್ ಊರಿನಿಂದ ಬಂದ ಸ್ಕೂಲ್ ಮೇಷ್ಟ್ರು, ನಾವೆಲ್ಲ ಉಸ್ತಾದ್ ಎನ್ನುತ್ತಿದ್ದವರು, ಅವರ ಹೆಂಡತಿ ಆಮ್ನಾ, ದೊಡ್ಡ ಮಗ ಯಾಸಿರ್, ಕೂಸು ಹಾತಿಮ್. ಹಿಂದಿನ ಭಾಗದಲ್ಲಿ ಉಳ್ಳಾಲದಿಂದ ಬಂದ ನನ್ನ ಬಾಪ ಮತ್ತು ಉಮ್ಮ. ಅಂಗಳ ಮಾತ್ರ ಎರಡು ಮನೆಗೂ ಒಂದೇ. ಹೆರಿಗೆಯಾದ ಮೇಲೆ ಉಮ್ಮ ಜ್ವರ ಏರಿ ಆಸ್ಪತ್ರೆಯಲ್ಲೇ ಉಳಿದಳಂತೆ. ಬಾಪ ನನ್ನನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದು, ಡಬ್ಬಿಹಾಲು ಕಲಸಲು ಬರದೆ ಅಂಗಳದಲ್ಲಿ ನಿಂತಿದ್ದರಂತೆ. ಖಾಲ್ತಿ ಪ್ಲೈವುಡ್ಡಿನ ಆಚೆಯಿಂದ ಬಂದು ಏನೂ ಕೇಳದೆ ನನ್ನನ್ನು ಎತ್ತಿಕೊಂಡು ಒಳಗೆ ಹೋದರಂತೆ. ಉಮ್ಮ ವಾಪಸು ಬಂದ ಮೇಲೆ ಊರಿನ ಮಸೀದಿಯ ಮುಸ್ಲಿಯಾರರಿಗೆ ಫೋನು ಮಾಡಿ ಕೇಳಿಸಿದಳು. ಹೊಟ್ಟೆ ತುಂಬ ಐದು ಸಲ ಕುಡಿದಿದ್ದರೆ ಮಾತ್ರ ಹಾಲಿನ ಸಂಬಂಧ ನಿಲ್ಲುತ್ತದೆ ಎಂದು ಅವರು ಹೇಳಿದರು. ಉಮ್ಮ ಸಂಕೋಚಪಡುತ್ತಲೇ ಖಾಲ್ತಿಯನ್ನು ಕೇಳಿದಾಗ ಅವರು ನಕ್ಕು ಮೊಣಕಾಲು ತಟ್ಟಿಕೊಂಡರಂತೆ. "ಐದು ಸಲವಾ? ಒಂದೇ ರಾತ್ರಿಗೆ ಅಷ್ಟಾಯಿತು. ನೀನು ಹೆತ್ತದ್ದು ಮಗುವನ್ನಲ್ಲ ತಂಗಿ, ಒಂಟೆಮರಿಯನ್ನು." ಅಲ್ಲಿಂದ ಹಾತಿಮ್ ನನಗೆ ಅಣ್ಣನಾದ, ಯಾಸಿರ್ ದೊಡ್ಡಣ್ಣನಾದ. ಊರಿಗೆ ಹೋದಾಗ ನಾನು ಹಠ ಹಿಡಿದರೆ ಬಾಪನ ಅಕ್ಕ, "ಅದು ಎಲ್ಲಿಯದೋ ಹಾಲು, ನಮ್ಮ ಮಾತು ಎಲ್ಲಿ ಕೇಳ್ತದೆ," ಎನ್ನುತ್ತಿದ್ದರು. ಉಮ್ಮ ನನ್ನ ತಲೆಗೆ ಇನ್ನಷ್ಟು ಎಣ್ಣೆ ಹಾಕಿ ಉಜ್ಜುತ್ತಿದ್ದಳು.

ನಿಮಗೂ ಅಂಥ ಒಂದು ಮನೆ ಇದ್ದಿರಬಹುದು, ಯಾವ ಬಾಗಿಲು ಯಾರದೆಂದು ಮಕ್ಕಳಿಗೆ ಗೊತ್ತಿಲ್ಲದ ಮನೆ. ಬೆಳಿಗ್ಗೆ ನಾನು ಒಂದು ಕಡೆ ನೀರುದೋಸೆ ತಿಂದು ಇನ್ನೊಂದು ಕಡೆ ಬೇಯಿಸಿದ ಫೂಲ್ ಬೀನ್ಸಿನ ಮೇಲೆ ಎಳ್ಳೆಣ್ಣೆ ಹಾಕಿ ತಿನ್ನುತ್ತಿದ್ದೆ. ಖಾಲ್ತಿಯ ಮೈಗೆ ಸುಟ್ಟ ಗಂಧದ ಕಟ್ಟಿಗೆಯ ವಾಸನೆ ಇತ್ತು. ಸೀರೆಗಿಂತ ಉದ್ದದ ಬಟ್ಟೆಯನ್ನು ತಲೆಯಿಂದ ಸುತ್ತಿ ಉಡುತ್ತಿದ್ದರು, ಅದರೊಳಗೆ ನಾವಿಬ್ಬರು ಮಕ್ಕಳು ಬಚ್ಚಿಟ್ಟುಕೊಂಡರೆ ಹೊರಗೆ ಕಾಣುತ್ತಿರಲಿಲ್ಲ. ಸಂಜೆ ಉಸ್ತಾದ್ ಅಂಗಳದಲ್ಲಿ ರೇಡಿಯೋ ಹಿಡಿದು ಕೂರುತ್ತಿದ್ದರು. ಅವರ ದೇಶದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ನಡೆಯುತ್ತಿತ್ತು. ನಾವು ಹುಟ್ಟುವ ಮೊದಲೇ ಶುರುವಾದ ಯುದ್ಧ, ಆದ್ದರಿಂದ ನಮಗೆ ಅದು ಹವಾಮಾನದ ಸುದ್ದಿಯಂತೆ ಇತ್ತು. ರೇಡಿಯೋದಲ್ಲಿ ಜುಬಾ, ತೋರಿತ್, ಕಪೊಯೆತಾ ಎಂಬ ಊರುಗಳ ಹೆಸರು ಬರುತ್ತಿದ್ದವು. ಒಂದು ವಾರ ಊರು ಇವರ ಕೈಯಲ್ಲಿ, ಇನ್ನೊಂದು ವಾರ ಅವರ ಕೈಯಲ್ಲಿ. ಹಾತಿಮ್ ಮತ್ತು ನಾನು ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕ ಬರೆದು, ಚೌಕಗಳಿಗೆ ಆ ಹೆಸರುಗಳನ್ನಿಟ್ಟು ಕುಂಟೆಬಿಲ್ಲೆ ಆಡುತ್ತಿದ್ದೆವು. ಗೆರೆ ತುಳಿದವರು ಸತ್ತಂತೆ. ಉಸ್ತಾದ್ ಅದನ್ನು ನೋಡುತ್ತ ಕೂರುತ್ತಿದ್ದರು. ಒಂದು ಸಲ ಮಾತ್ರ ನೀರು ತಂದು ಚೌಕಗಳ ಮೇಲೆ ಸುರಿದು ಒಳಗೆ ಹೋದರು.

ಯಾಸಿರ್ ಕಾಲೇಜಿಗೆಂದು ಸುಡಾನಿಗೆ ಹೋದ. ಅಲ್ಲಿ ಕಾಲೇಜಿಗೆ ಸೇರಬೇಕಾದರೆ ಮೊದಲು ಸೈನ್ಯದ ತರಬೇತಿ ಮಾಡಬೇಕಿತ್ತು. ತರಬೇತಿಗೆ ಹೋದವನನ್ನು ದಕ್ಷಿಣಕ್ಕೆ ಕಳಿಸಿದರು. ಅವನು ಅಲ್ಲಿ ಸತ್ತ. ದೇಹ ಬರಲಿಲ್ಲ. ಅವನ ಜೊತೆಯಲ್ಲಿದ್ದ ಒಬ್ಬ ಹುಡುಗ, ತಾನೇ ಮಣ್ಣು ಹಾಕಿದವನು, ಒಮ್ದುರ್ಮಾನಿನ ಬಂಧುಗಳ ಮನೆಗೆ ಬಂದು ಹೇಳಿದ್ದರಿಂದ ಸುದ್ದಿ ಖಚಿತವಾಯಿತು. ಸುಡಾನಿನವರಲ್ಲಿ ಸಾವಾದರೆ ಮನೆಯವರು ಚಾಪೆ ಹಾಸುತ್ತಾರೆ. ಬಂದವರು ಕೂರುವುದಕ್ಕೆ ಹಾಸುವುದು, ಆದರೆ ಅದು ಬರೀ ಕೂರುವ ಚಾಪೆಯಲ್ಲ. ಚಾಪೆ ಹಾಸಿದರೆ ಮಾತ್ರ ಸಾವು ಸಾವಾಗುತ್ತದೆ. ಬಂದವರು ಸತ್ತವರ ಹತ್ತಿರದವರ ಮುಂದೆ ನಿಂತು ಎರಡೂ ಅಂಗೈ ಎತ್ತಿ "ಅಲ್-ಫಾತಿಹಾ" ಎನ್ನುತ್ತಾರೆ. ಹತ್ತಿರದವರೂ ಅಂಗೈ ಎತ್ತುತ್ತಾರೆ. ಕುರಾನಿನ ಆ ಮೊದಲ ಅಧ್ಯಾಯವನ್ನು ತುಟಿಯಲ್ಲೇ ಓದಿ ಮುಗಿಸಿ ಮುಖ ಒರೆಸಿಕೊಂಡು ಕೂರುತ್ತಾರೆ. ಮೂರನೆಯ ದಿನ ಮನೆಯ ಹಿರಿಯರು "ಚಾಪೆ ಎತ್ತಿದೆವು" ಎನ್ನುತ್ತಾರೆ. ಆಮೇಲೆ ಬದುಕಿರುವವರು ಅವರವರ ಕೆಲಸಕ್ಕೆ ಹೋಗಬೇಕು.

ಆದರೆ ಆಗ ಅವರ ಸರ್ಕಾರದ ಕಡೆಯವರು ಇನ್ನೊಂದು ಪದ್ಧತಿ ಮಾಡಿದ್ದರು. ಆ ಯುದ್ಧದಲ್ಲಿ ಸತ್ತವನು ಹುತಾತ್ಮ, ಅವನಿಗೆ ಸ್ವರ್ಗದಲ್ಲಿ ಮದುವೆ, ಆದ್ದರಿಂದ ಅವನ ಮನೆಯಲ್ಲಿ ಅಳಕೂಡದು, ಮದುವೆ ಮಾಡಬೇಕು, ಸಿಹಿ ಹಂಚಬೇಕು, ಹೆಂಗಸರು ನಾಲಿಗೆ ಆಡಿಸಿ ಹರ್ಷದ ಕೂಗು ಹಾಕಬೇಕು. ಖಾಲಿದಿಯಾದ ನಮ್ಮ ಅಂಗಳಕ್ಕೂ ಇಬ್ಬರು ಹೆಂಗಸರು ಖರ್ಜೂರ, ಮಿಠಾಯಿ ತಟ್ಟೆ ಹಿಡಿದು ಬಂದರು. ಅವರು ಕೆಟ್ಟವರಲ್ಲ, ಸಮಾಧಾನ ಹೇಳಲು ಬಂದವರೇ. "ಆಮ್ನಾ, ಅಳಬೇಡ. ಇವತ್ತು ನಿನ್ನ ಮಗ ಮದುಮಗ," ಎಂದರು. ಖಾಲ್ತಿ ಆಗ ನೆಲದಲ್ಲಿ ಕೂತಿದ್ದರು. ನಾನು ಅವರ ಪಕ್ಕದಲ್ಲಿದ್ದೆ. ಅವರು ತಟ್ಟೆ ನೋಡಿದರು, ಹೆಂಗಸರನ್ನು ನೋಡಿದರು. "ಮದುವೆಯಾಯಿತಾ? ಸರಿ. ಸೊಸೆಯನ್ನು ಕರೆ, ಅನ್ನ ಬಡಿಸುತ್ತೇನೆ." ಹೆಂಗಸರು ತಟ್ಟೆಯನ್ನು ನೆಲಕ್ಕಿಟ್ಟರು. "ಕರೆಯಮ್ಮ. ಗೇಟಿನ ಹೊರಗೆ ನಿಲ್ಲಿಸಿದ್ದೀಯಾ ನನ್ನ ಸೊಸೆಯನ್ನ?" ಆಮೇಲೆ ಉಸ್ತಾದರ ಕಡೆ ತಿರುಗಿ, "ಚಾಪೆ ಹಾಸು. ನನ್ನ ಮಗ ಸತ್ತಿದ್ದಾನೆ," ಎಂದರು. ಉಸ್ತಾದ್ ಹಿಂಜರಿದರು. ಅವರ ರಜೆ, ಪಾಸ್‌ಪೋರ್ಟು, ಊರಿನ ತಮ್ಮಂದಿರ ನೌಕರಿ ಎಲ್ಲ ಆ ಸರ್ಕಾರದ ಕೈಯಲ್ಲಿತ್ತು ಎಂದು ಬಾಪ ನನಗೆ ಬಹಳ ವರ್ಷಗಳ ಮೇಲೆ ವಿವರಿಸಿದರು. ಕೊನೆಗೆ ನಮ್ಮ ಮನೆಯ ಚಾಪೆಗಳನ್ನು ಉಮ್ಮನೇ ತಂದು ಹಾಸಿದಳು. ಊರಿನಿಂದ ತಂದಿದ್ದ ಕೇದಗೆ ಓಲೆಯ ಚಾಪೆಗಳು. ಮಿಠಾಯಿ ತಂದ ಹೆಂಗಸರಲ್ಲಿ ಒಬ್ಬಳು ಮೊದಲು ಅಳಲು ಶುರು ಮಾಡಿದಳು. ಅವಳ ತಮ್ಮನಿಗೂ ಅಂಥದೇ ಮದುವೆ ಮಾಡಿದ್ದರಂತೆ.

ಎರಡನೆಯ ದಿನವೋ ಏನೋ, ಗೇಟಿನ ಹೊರಗೆ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಹಣೆಯ ಮೇಲೆ ಗೆರೆಗೆರೆಯ ಗಾಯದ ಗುರುತು. ಅವನು ಪೀಟರ್, ದಕ್ಷಿಣ ಸುಡಾನಿನವನು, ಯಾವುದೋ ಕಂಪನಿಯಲ್ಲಿ ಡ್ರೈವರ್. ಉಸ್ತಾದರ ಬಳಿ ಅರಬಿ ಅರ್ಜಿ ಬರೆಸಿಕೊಳ್ಳಲು ಆಗಾಗ ಬರುತ್ತಿದ್ದ. ಯಾಸಿರನನ್ನು ಕೊಂದದ್ದು ಅವನ ಕಡೆಯವರು. ಅಂಗಳದ ಗಂಡಸರು ಅವನನ್ನು ನೋಡಿ ಉಸ್ತಾದರ ಕಡೆ ತಿರುಗಿದರು. ಖಾಲ್ತಿ ಒಳಗಿನಿಂದ ಕೇಳಿದರು, "ಯಾರದು, ಗೇಟು ತೆಗೆದಿಟ್ಟು ನಿಂತವರು? ಬರುವುದಾದರೆ ಬಾ, ನೊಣ ಬಿಡಬೇಡ." ಅವನು ಬಂದು, ಕ್ರಿಶ್ಚಿಯನ್ ಆದರೂ, ಎಲ್ಲರಂತೆ ಅಂಗೈ ಎತ್ತಿದ. ಖಾಲ್ತಿಯೂ ಎತ್ತಿದರು. ಮುಗಿದ ಮೇಲೆ ಅವನನ್ನು ಕೇಳಿದರು, "ನಿನ್ನವರು ಸತ್ತಿದ್ದಾರಾ?" "ಇಬ್ಬರು ತಮ್ಮಂದಿರು, ಹಾಜ್ಜಾ." ಹಿರಿಯ ಹೆಂಗಸರನ್ನು ಅವರಲ್ಲಿ ಹಾಗೆ ಕರೆಯುತ್ತಾರೆ. "ಅವರಿಗೆ ಹಾಸಿದ್ದೀಯಾ?" ಪೀಟರ್ ಕ್ಯಾಂಪಿನಲ್ಲಿ ಹಂಚಿಕೊಂಡ ಕೋಣೆಯಲ್ಲಿ ಮಲಗುವವನು. "ಎಲ್ಲಿ ಹಾಸಲಿ?" ಎಂದ. "ಇದರಲ್ಲೇ ಕೂತುಕೋ," ಎಂದರು ಖಾಲ್ತಿ. ಆಮೇಲೆ ಬಂದವರು ಉಸ್ತಾದರ ಮುಂದೆ ಅಂಗೈ ಎತ್ತಿದರು. ಕೆಲವರು ಪೀಟರನ ಮುಂದೆಯೂ ಎತ್ತಿದರು, ಕೆಲವರು ಅವನನ್ನು ದಾಟಿ ಹೋದರು. ಅವನು ಎರಡು ಬಗೆಯವರಿಗೂ ತಲೆಬಾಗಿದ. ನನಗೆ ಯುದ್ಧ ಎಂದರೆ ಈಗಲೂ ನೆನಪಾಗುವುದು ಗುಂಡಲ್ಲ, ಉಮ್ಮನ ಚಾಪೆಯ ಅಂಚಿನಲ್ಲಿ ಮೊಣಕಾಲು ಮಡಚಿ ಕೂತ ಆ ಎತ್ತರದ ಮನುಷ್ಯ, ಅವನು ಕಳಚಿಟ್ಟ ಬೂಟು.

ಐದನೇ ಕ್ಲಾಸಿನ ಮೇಲೆ ನನ್ನನ್ನು ಊರಿಗೆ ಕಳಿಸಿದರು. ಉಳ್ಳಾಲದಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಓದಿದೆ, ಪಿಯುಸಿ ಮುಗಿಸಿದೆ, ಮದುವೆಯಾಗಿ ಮತ್ತೆ ಅಬುಧಾಬಿಗೆ ಬಂದೆ. ಅಷ್ಟರಲ್ಲಿ ಖಾಲಿದಿಯಾದ ಮನೆ ಒಡೆದಾಗಿತ್ತು, ಉಸ್ತಾದ್ ರಿಟೈರಾಗಿ ಹೆಂಡತಿಯ ಜೊತೆ ಒಮ್ದುರ್ಮಾನಿಗೆ ಹೋಗಿದ್ದರು, ಅಲ್ಲೇ ತೀರಿಕೊಂಡರು. ಬಾಪ, ಉಮ್ಮ ಊರು ಸೇರಿದ್ದರು. ಹಾತಿಮ್ ದೂರದ ರುವೈಸ್‌ನ ರಿಫೈನರಿಯಲ್ಲಿ ಟೆಕ್ನೀಷಿಯನ್ ಆಗಿದ್ದ, ಕಂಪನಿ ಕ್ವಾರ್ಟರ್ಸಿನಲ್ಲಿ ವಾಸ. ರಜೆ ಸಿಕ್ಕಾಗ ನಮ್ಮ ಮನೆಗೆ ಬಂದು ಸೋಫಾದ ಮೇಲೆ ಮಲಗಿ, "ತಂಗಿ, ನಿನ್ನ ಮೀನುಸಾರಿಗೆ ಉಪ್ಪು ಕಡಿಮೆ," ಎಂದು ಹೇಳಿ ಎರಡು ತಟ್ಟೆ ಊಟ ಮಾಡುತ್ತಿದ್ದ. ದಕ್ಷಿಣ ಬೇರೆ ದೇಶವಾಗಿತ್ತು. ಆ ಯುದ್ಧ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಆಮೇಲೆ ಒಂದು ರಂಜಾನಿನ ಕೊನೆಯಲ್ಲಿ ಖಾರ್ತೂಮಿನಲ್ಲಿ ಹೊಸ ಯುದ್ಧ ಶುರುವಾಯಿತು, ಸೈನ್ಯಕ್ಕೂ ಅರೆಸೈನ್ಯಕ್ಕೂ. ಹಿಂದೆ ದೂರದ ಊರುಗಳ ಹೆಸರು ಕೇಳುತ್ತಿದ್ದವರು ಈಗ ತಮ್ಮದೇ ಸೇತುವೆಗಳ, ತಮ್ಮದೇ ಬೀದಿಗಳ ಹೆಸರು ಕೇಳತೊಡಗಿದರು. ನೈಲ್ ನದಿಯ ಆ ದಡದ ಬಂಧುಗಳು ಈ ದಡದ ಒಮ್ದುರ್ಮಾನಿಗೆ ಓಡಿ ಬಂದು ಖಾಲ್ತಿಯ ಮನೆ ತುಂಬಿತು. ಖಾಲ್ತಿ ಅಂಗಳದಲ್ಲಿ ಒಲೆ ಹೂಡಿ ಬೀದಿಗೆಲ್ಲ ಒಂದೇ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಿದ್ದರು. ನೆಟ್‌ವರ್ಕ್ ಸಿಕ್ಕಾಗ ವಿಡಿಯೋದಲ್ಲಿ ತೋರಿಸಿದರು. "ಹೊರಟು ಬನ್ನಿ ಖಾಲ್ತಿ, ವೀಸಾ ನೋಡ್ತೇವೆ," ಎಂದರೆ, "ಬರ್ತೇನೆ. ಮೊದಲು ಈ ಪಾತ್ರೆ ಯಾರಿಗಾದರೂ ಒಪ್ಪಿಸ್ತೇನೆ. ಇಲ್ಲಿ ಎಲ್ಲರಿಗೂ ತಿನ್ನಲಿಕ್ಕೆ ಬರ್ತದೆ, ಬೇಯಿಸಲಿಕ್ಕೆ ಯಾರಿಗೂ ಬರುವುದಿಲ್ಲ," ಎಂದರು. ಹಿಂದೆ ಯಾರೋ ನಕ್ಕರು. ಅದಾದ ಮೇಲೆ ಫೋನು ಸಿಗಲಿಲ್ಲ. ತಿಂಗಳುಗಳು ಹೋದವು. ಆಗ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದೂರದ ಒಬ್ಬ ಸಂಬಂಧಿ ಖಾಲ್ತಿಯ ಹೆಸರು ಬರೆದು, ಅಲ್ಲಾಹ್ ಕರುಣೆ ತೋರಲಿ ಎಂದು ಹಾಕಿದ. ಮರುದಿನ ಇನ್ನೊಬ್ಬ, ಇಲ್ಲ, ಅವರು ಶೆಂದಿ ಎಂಬ ಊರಿಗೆ ಹೋಗುವ ಬಸ್ಸಿನಲ್ಲಿ ಕಂಡಿದ್ದರು ಎಂದ.

ನಾನು ಹಾತಿಮನಿಗೆ ಫೋನು ಮಾಡಿದೆ. "ವಾಟ್ಸಾಪಿನಲ್ಲಿ ಸತ್ತವರಿಗೆ ಚಾಪೆ ಹಾಸುವುದಿಲ್ಲ," ಎಂದ. ಅವನ ಮಾತಿಗೆ ಕಾರಣವಿತ್ತು. ಅವನ ಸೋದರಮಾವನೊಬ್ಬ ಹೀಗೇ ಸತ್ತಿದ್ದ. ದುಬೈಯಲ್ಲಿ ಚಾಪೆ ಹಾಸಿ, ಜನ ಬಂದು, ಎತ್ತಿಯೂ ಆದ ಮೇಲೆ ಮಾವ ಕಸ್ಸಾಲಾದಿಂದ ಫೋನು ಮಾಡಿ, "ನನಗೆ ಫಾತಿಹಾ ಓದಿದಿರಂತೆ, ಯಾರ್‍ಯಾರು ಬರಲಿಲ್ಲ, ಹೆಸರು ಹೇಳಿ," ಎಂದು ಕೇಳಿದ್ದ. ಎಲ್ಲರೂ ಅದನ್ನು ಹೇಳಿಕೊಂಡು ನಗುತ್ತಿದ್ದರು. ಹಾತಿಮ್ ನಗುತ್ತಿರಲಿಲ್ಲ. "ಮಣ್ಣು ಹಾಕಿದ ಒಬ್ಬರು ಬಂದು ಹೇಳಲಿ. ಯಾಸಿರನಿಗೆ ಹಾಗೆಯೇ ಆಗಿದ್ದು. ಅಮ್ಮನಿಗೆ ಅದಕ್ಕಿಂತ ಕಡಿಮೆ ಯಾಕೆ?" ಎಂದ. ನನ್ನ ಗಂಡ ಒಳ್ಳೆಯವರು, ಆದರೆ ಅವರಿಗೆ ಖಾಲ್ತಿ ಹಳೆಯ ನೆರೆಮನೆಯವರು. "ದುಆ ಮಾಡು, ಬೇರೆ ಏನು ಮಾಡಲಿಕ್ಕಾಗ್ತದೆ," ಎಂದರು. ದುಆ ಮಾಡುವಾಗಲೂ ನನಗೆ ತೊಡಕು. ಬದುಕಿರುವವರಿಗೆ ಮಾಡುವ ಪ್ರಾರ್ಥನೆ ಬೇರೆ, ಸತ್ತವರಿಗೆ ಮಾಡುವುದು ಬೇರೆ. ಯಾವುದನ್ನು ಓದಲಿ? ಕೈ ಎತ್ತಿ, ಹೆಸರು ಹೇಳಿ, ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಹೀಗೆ ಒಂದು ಬೇಸಿಗೆ ಹೋಯಿತು, ಚಳಿ ಬಂತು, ಮತ್ತೆ ಬೇಸಿಗೆ ಬಂತು.

ಕೊನೆಗೆ ಬಂದು ಹೇಳಿದವರು ಹಾಜ್ಜಾ ಸಕೀನಾ. ಖಾಲ್ತಿಯ ಬೀದಿಯವರು, ಪೋರ್ಟ್ ಸುಡಾನ್, ಕೈರೋ ಎಂದು ಸುತ್ತಿ ಅಬುಧಾಬಿಯ ಮಗಳ ಮನೆಗೆ ತಲುಪಿದ್ದರು. ಹಾತಿಮ್ ರುವೈಸ್‌ನಿಂದ ಬಂದ. ಅವರನ್ನು ನಮ್ಮ ಮನೆಗೇ ಕರೆತಂದ. ಸಣ್ಣ ದೇಹದ ಮುದುಕಿ, ಸೋಫಾ ಬೇಡವೆಂದು ನೆಲದಲ್ಲಿ ಕೂತರು. ಗುಂಡಲ್ಲ, ಶೆಲ್ ಅಲ್ಲ ಎಂದರು. ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮುಗಿದಿತ್ತು, ಎಲ್ಲೂ ಸಿಗಲಿಲ್ಲ. ಕೊನೆಯ ದಿನಗಳಲ್ಲಿ ಮಂಚದ ಮೇಲೆ ಮಲಗಿಕೊಂಡೇ ಪಾತ್ರೆಗೆ ಎಷ್ಟು ಉಪ್ಪು ಎಂದು ಹೇಳುತ್ತಿದ್ದರಂತೆ. ಸ್ಮಶಾನದ ದಾರಿಯಲ್ಲಿ ಬಂದೂಕಿನವರಿದ್ದರು, ಹೋಗುವಂತಿರಲಿಲ್ಲ. ಹೆಂಗಸರೇ ತೊಳೆದು, ಅವರದೇ ಬಿಳಿ ಬಟ್ಟೆಯಲ್ಲಿ ಸುತ್ತಿ, ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಇಟ್ಟರು. ಆ ಬೀದಿಯಲ್ಲಿ ಎಲ್ಲ ಅಂಗಳದಲ್ಲೂ ಒಬ್ಬರಾದರೂ ಇದ್ದರು ಎಂದರು. ಈಗ ಸೈನ್ಯದವರು ವಾಪಸು ಬಂದು, ಅಂಗಳದವರನ್ನೆಲ್ಲ ತೆಗೆದು ಸ್ಮಶಾನಕ್ಕೆ ಸಾಗಿಸುತ್ತಿದ್ದಾರಂತೆ. ಖಾಲ್ತಿಯನ್ನು ಸಾಗಿಸಿದರೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಹಾತಿಮ್ ಒಂದೇ ಪ್ರಶ್ನೆ ಕೇಳಿದ. "ಹಾಜ್ಜಾ, ನೀವು ಮಣ್ಣು ಹಾಕಿದಿರಾ?" ಮುದುಕಿ ತಮ್ಮ ಎರಡೂ ಕೈ ಚಾಚಿ ತೋರಿಸಿದರು. "ಇವೇ ಕೈಗಳಿಂದ ಮಗನೇ. ಸಲಿಕೆ ಇರಲಿಲ್ಲ, ತಟ್ಟೆಯಿಂದ ತೋಡಿದೆವು." ಯಾವ ದಿನ ಎಂದು ನಾನು ಕೇಳಿದೆ. ಅವರು ಬೆರಳು ಮಡಚಿ ಎಣಿಸಿದರು. ಆಗ ದಿನಗಳಿಗೆ ಹೆಸರಿರಲಿಲ್ಲ ಎಂದರು. ಹಾತಿಮ್ ಎದ್ದು ನನ್ನ ಕಡೆ ನೋಡದೆ ಹೇಳಿದ, "ಖಲಾಸ್. ಇಲ್ಲೇ ಹಾಸೋಣ. ರುವೈಸ್‌ಗೆ ಯಾರೂ ಬರುವುದಿಲ್ಲ."

ಶನಿವಾರ, ಭಾನುವಾರದ ರಜೆಯ ಜೊತೆ ಶುಕ್ರವಾರ ಸೇರಿಸಿ ಹಾಸಿದೆವು. ಗಂಡಸರಿಗೆ ಸಿಮೆಂಟಿನ ಅಂಗಳದಲ್ಲಿ, ಹೆಂಗಸರಿಗೆ ಒಳಗೆ ಹಾಲ್‌ನಲ್ಲಿ, ಸೋಫಾ ಎತ್ತಿ ಗೋಡೆಗೆ ನಿಲ್ಲಿಸಿ. ಚಾಪೆ ಈಗ ಪ್ಲಾಸ್ಟಿಕ್ಕಿನದು, ಮುಸಾಫಾದ ಅಂಗಡಿಯಿಂದ ನನ್ನ ಗಂಡ ತಂದರು. ಪಾರ್ಕಿಂಗಿನ ಚಿಂತೆ ಮಾಡುತ್ತಾ ರಸ್ತೆಯಲ್ಲಿ ನಿಂತವರೂ ಅವರೇ. ಹೆಂಗಸರು ಬಂದರು. ಬಂದವರು ಬಾಗಿಲಲ್ಲಿ ನಿಂತು ಯಾರ ಮುಂದೆ ಅಂಗೈ ಎತ್ತಬೇಕೆಂದು ಹುಡುಕಿದರು. ಖಾಲ್ತಿಗೆ ಹೆಣ್ಣುಮಕ್ಕಳಿರಲಿಲ್ಲ. ನಾನು ಚೂಡಿದಾರ ಹಾಕಿಕೊಂಡು ಟ್ರೇಯಲ್ಲಿ ನೀರು ಹಿಡಿದಿದ್ದೆ. ಕೆಲಸಕ್ಕೆ ಬಂದವಳೆಂದು ಕೆಲವರು ನನಗೆ ಶುಕ್ರನ್ ಎಂದು ಥ್ಯಾಂಕ್ಸ್ ಹೇಳಿ ಲೋಟ ತೆಗೆದುಕೊಂಡರು. ಅದರಿಂದ ನನಗೆ ಬೇಸರವಾಗಲಿಲ್ಲ. ಏನೂ ಆಗಲಿಲ್ಲ. ಆಗ ಹಾಜ್ಜಾ ಸಕೀನಾ ಚಾಪೆಯ ಮೂಲೆಯಿಂದ ಗಟ್ಟಿಯಾಗಿ ಹೇಳಿದರು, "ಎಲ್ಲಿ ನೋಡ್ತೀರಿ? ಅವಳ ಮುಂದೆ ಎತ್ತಿ." ಬಾಗಿಲಲ್ಲಿದ್ದ ದಪ್ಪ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಇಂಡಿಯಾದವಳಾ?" ಎಂದಳು. "ಆಮ್ನಾಳ ಹಾಲು ಕುಡಿದವಳು. ಹಾತಿಮನ ತಂಗಿ. ಟ್ರೇ ಕೆಳಗಿಡು ಮಗಳೇ, ಸತ್ತವರ ಮಕ್ಕಳು ನೀರು ಕೊಡುವುದಿಲ್ಲ, ಕೂರುತ್ತಾರೆ." ಹನಾ ಬಂದು ಟ್ರೇ ತೆಗೆದುಕೊಂಡಳು. ದಪ್ಪ ಹೆಂಗಸು ನನ್ನ ಮುಂದೆ ನಿಂತು ಅಂಗೈ ಎತ್ತಿದಳು. ಅವಳ ಹಿಂದಿನವಳು ಎತ್ತಿದಳು. ನಾನೂ ಎತ್ತಿದೆ. ಮೂರು ದಿನ ನಾನು ಆ ಚಾಪೆಯ ಮೇಲೆ ಕೂತಿದ್ದೆ. ಎಷ್ಟು ಜನ ನನ್ನ ಮುಂದೆ ನಿಂತರು ಎಂದು ತಿಳಿಯದು. ಭಾನುವಾರ ಸಂಜೆ ಹಾತಿಮ್ ಹಾಲ್‌ನ ಬಾಗಿಲಿಗೆ ಬಂದು, "ತಂಗಿ, ಎತ್ತೋಣವಾ?" ಎಂದು ಕೇಳಿದ. ಹಿರಿಯರು ಯಾರೂ ಉಳಿದಿಲ್ಲದ್ದರಿಂದ ಕೇಳಿದ. ನಾನು ಹೂಂ ಎಂದೆ.

ಸೋಮವಾರ ಆಫೀಸಿಗೆ ಹೋದೆ. ನನ್ನ ಪಕ್ಕದ ಮೇಜಿನ ಶೈಲಜಾ ಉಡುಪಿಯವಳು, ನನಗಿಂತ ಚಿಕ್ಕವಳು, ಒಳ್ಳೆಯವಳು. ಶುಕ್ರವಾರ ಯಾಕೆ ರಜೆ ಹಾಕಿದಿರಿ ಅಕ್ಕ ಎಂದು ಕೇಳಿದಳು. "ನನ್ನ ತಾಯಿ ತೀರಿಕೊಂಡರು," ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಗಾಬರಿಯಾಗಿ ಎದ್ದು ನನ್ನ ಕೈ ಹಿಡಿದುಕೊಂಡಳು. "ಅಯ್ಯೋ, ಉಳ್ಳಾಲದಲ್ಲಾ? ಮೊನ್ನೆ ತಾನೇ ಫೋನಲ್ಲಿ ಮಾತಾಡ್ತಿದ್ರಲ್ಲ!" ಅವರಲ್ಲ, ಇನ್ನೊಬ್ಬರು ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಕೈ ಬಿಡಲಿಲ್ಲ. ಮೆಲ್ಲಗೆ ಕೇಳಿದಳು.

"ಯಾವತ್ತು ಅಕ್ಕ?"

ಹಾಜ್ಜಾ ಸಕೀನಾ ಹೆಸರಿರಲಿಲ್ಲ ಎಂದಿದ್ದ ಆ ದಿನವನ್ನು ಹೇಳಲು ನಾನು ಬಾಯಿ ತೆರೆದೆ. ಶೈಲಜಾ ಕಾಯುತ್ತಿದ್ದಳು.